ಬಾಂಬಿನ ಸಿನಿಮಾಕ್ಕೆ ನಾನು ಕೊಟ್ಟ ದನಿ

ಬಾಂಬು ಬಿದ್ದ ಊರಿನ ಸಿನಿಮಾಗಳಲ್ಲಿ ಹೆಣ್ಣುಮಗಳ ಗಾಯ ಯಾವಾಗಲೂ ಒಂದೇ ಮಗ್ಗುಲಿಗೆ ಇರುತ್ತದೆ. ಎಡಗೆನ್ನೆಯ ಮೇಲೊಂದು ಕಲೆ, ಇಲ್ಲವೇ ಕತ್ತಿನ ಹಿಂದೆ, ಕೂದಲು ಸರಿಸಿದರೆ ಮಾತ್ರ ಕಾಣುವಂತೆ. ಅವಳು ಅಳುವ ಹೊತ್ತಿಗೆ ಕ್ಯಾಮೆರಾ ಬಲಗಡೆಗೆ ಹೋಗಿ ನಿಂತುಕೊಳ್ಳುತ್ತದೆ. ಅಲ್ಲಿ ಮುಖಕ್ಕೆ ಏನೂ ಆಗಿರುವುದಿಲ್ಲ. ನಮ್ಮಕ್ಕನಿಗೆ ಆ ಅನುಕೂಲ ಇರಲಿಲ್ಲ. ಗಲ್ಲದಿಂದ ಎದೆಯವರೆಗೆ, ಎರಡೂ ಕೆನ್ನೆ, ಒಂದು ಕಿವಿ, ಬಲಗೈ ಪೂರ್ತಿ. ಯಾವ ಕಡೆಯಿಂದ ನೋಡಿದರೂ ಬೆಂಕಿ ಕಾಣುತ್ತಿತ್ತು.

ಇಂಥ ಸಿನಿಮಾಗಳನ್ನು ನಾನು ಹುಡುಕಿಕೊಂಡು ಹೋಗಿ ನೋಡಿದ್ದೇನೆ. ತುರುವೇಕೆರೆ ತಾಲ್ಲೂಕಿನ ತೆಂಗಿನ ತೋಟದ ಮನೆಯಲ್ಲಿ ಹುಟ್ಟಿದ ಹೈಸ್ಕೂಲು ಮೇಡಮ್ಮಿಗೆ ಜಪಾನಿನ ಬಾಂಬಿನ ಗೊಡವೆ ಯಾಕೆ ಅಂತ ನನ್ನ ಗಂಡ ಕೇಳಿದ್ದುಂಟು. ಅವರಿಗೆ ಆಗ ಸರಿಯಾಗಿ ಉತ್ತರ ಕೊಡಲಿಲ್ಲ. ಇಲ್ಲಿ ಬರೆಯುತ್ತೇನೆ.

ನಮ್ಮ ಕಡೆ ಕೊಬ್ಬರಿ ಮಾಡುವುದೆಂದರೆ ಕಾದು ಕೂರುವ ಕೆಲಸ. ಬಲಿತ ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಮಳೆಗಾಲದಲ್ಲಿ ಶೀತ ಹಿಡಿದು ಕೊಳೆಯಬಾರದೆಂದು ಅಟ್ಟದ ಕೆಳಗೆ ಒಣಸಿಪ್ಪೆಯ ಹೊಗೆ ಹಾಕುತ್ತಾರೆ. ಹೊಗೆ ಮಾತ್ರ ಆಡಬೇಕು, ಉರಿ ಏಳಬಾರದು. ಅಕ್ಕ ಹತ್ತನೇ ತರಗತಿಯಲ್ಲಿದ್ದಾಗ ಒಂದು ಮಧ್ಯಾಹ್ನ ಹಿತ್ತಿಲ ಬಾಗಿಲು ಗಾಳಿಗೆ ತೆರೆದುಕೊಂಡು, ಹೊಗೆ ಉರಿಯಾಗಿ, ಬಿದಿರಿನ ಅಟ್ಟಕ್ಕೆ ಹತ್ತಿಕೊಂಡಿತು. ಅಪ್ಪ, ಅವ್ವ ತೋಟದಲ್ಲಿದ್ದರು. ಅಕ್ಕ ನನ್ನನ್ನು ಬೀದಿಗೆ ತಳ್ಳಿ, ಒದ್ದೆ ಗೋಣಿಚೀಲ ಹಿಡಿದು ಒಳಗೆ ಹೋದಳು. ಅಟ್ಟ ಅವಳ ಮೇಲೆ ಕುಸಿಯಿತು. ಉರಿಯುವ ಕೊಬ್ಬರಿಯಿಂದ ಎಣ್ಣೆ ಸುರಿಯುತ್ತದೆ. ಇದಕ್ಕಿಂತ ಹೆಚ್ಚು ಹೇಳಲಾರೆ.

ಅವಳು ಬದುಕಿದಳು. ಶಾಲೆ ಬಿಟ್ಟಳು. ನಮ್ಮ ಮನೆಗೆ ದಾರಿ ಕೇಳಿದವರಿಗೆ ಊರಿನವರು "ಆ ಬೆಂದೋಳ ಮನೆಯಾ?" ಅನ್ನತೊಡಗಿದರು. ಅಕ್ಕ ಮೂಲೆ ಸೇರುವವಳಾಗಿರಲಿಲ್ಲ. ಹಾಲು ಕರೆಯುತ್ತಿದ್ದಳು, ಗರಿ ಸೀಳಿ ಪೊರಕೆ ಕಟ್ಟುತ್ತಿದ್ದಳು, ಜಗಳಕ್ಕೆ ಬಂದವರನ್ನು ಬಾಯಲ್ಲೇ ಅಟ್ಟುತ್ತಿದ್ದಳು. ಪಕ್ಕದ ಮನೆಯಾಕೆ ಒಮ್ಮೆ, "ಹಾಲು ಕರೆಯೋವಾಗಾದ್ರೂ ಸೆರಗು ಹೊದ್ಕಳೆ, ಎಮ್ಮೆ ಬೆದರೀತು" ಅಂದಾಗ, "ನಿನ್ ಮುಖ ನೋಡಿಯೇ ಎರಡು ಸೇರು ಕೊಡ್ತದೆ ನಿಮ್ ಎಮ್ಮೆ, ನಮ್ಮದಕ್ಕೇನ್ ದಾಡಿ" ಅಂದಿದ್ದಳು. ಅಂದು ಬಂದು ಕೊಟ್ಟಿಗೆಯ ಹಿಂದೆ ನಿಂತು ಅತ್ತಿದ್ದನ್ನು ನಾನೊಬ್ಬಳೇ ಕಂಡಿದ್ದೆ.

ನಾನು ಓದಿದೆ. ನಮ್ಮಪ್ಪ ಹೆಬ್ಬೆಟ್ಟಿನವರು, ಅವ್ವನಿಗೆ ಬಸ್ಸಿನ ಬೋರ್ಡು ಓದಲು ಬರುತ್ತಿರಲಿಲ್ಲ. ಅಂಥ ಮನೆಯಿಂದ ಬಂದು, ಪಿಯುಸಿ ಇಂಗ್ಲಿಷಿನಲ್ಲಿ ಒಮ್ಮೆ ಫೇಲಾಗಿ, ಮತ್ತೆ ಕಟ್ಟಿ, ಪಾಸು ಮಾಡಿ, ತಿಪಟೂರಿನ ಕಾಲೇಜಿನಲ್ಲಿ ಡಿಗ್ರಿ ತೆಗೆದುಕೊಂಡೆ. ನಮ್ಮ ವಂಶದಲ್ಲಿ ಮೊದಲ ಡಿಗ್ರಿ ನನ್ನದು. ಇದನ್ನು ಹೇಳಿಕೊಳ್ಳಲು ನನಗೆ ಯಾವತ್ತೂ ನಾಚಿಕೆಯಾಗಿಲ್ಲ. ಬೇರೆಯವರು ಅಪ್ಪನ ಹೆಸರಿನಿಂದ ಗುರುತು ಹೇಳಿಕೊಂಡ ಹಾಗೆ ನಾನು ನನ್ನ ಬಿ.ಎ.ಯಿಂದ ಹೇಳಿಕೊಂಡೆ.

ಮರುಭೂಮಿಯಲ್ಲಿ ನಮ್ಮ ದೇಶದವರು ಬಾಂಬಿನ ಪರೀಕ್ಷೆ ಮಾಡಿದ ವರ್ಷ ತಿಪಟೂರಿನಲ್ಲಿ ಪಟಾಕಿ ಹೊಡೆದು ಮೈಸೂರುಪಾಕು ಹಂಚಿದರು. ನಾನೂ ತಿಂದೆ. ಆಮೇಲೆ ನಮ್ಮ ಕಾಲೇಜಿನ ಒಬ್ಬ ಲೆಕ್ಚರರು, ನಾಲ್ಕಾರು ಉಪಾಧ್ಯಾಯರನ್ನು ಸೇರಿಸಿಕೊಂಡು, ಬಾಂಬು ಬಿದ್ದರೆ ಏನಾಗುತ್ತದೆ ಅಂತ ಜನಕ್ಕೆ ತೋರಿಸಬೇಕು ಎಂದು ಹೊರಟರು. ದೂರದಿಂದ ಎರವಲು ತರಿಸಿದ ಒಂದು ಜಪಾನಿ ಕಥಾಚಿತ್ರದ ರೀಲು, ಗಡಗಡ ಸದ್ದು ಮಾಡುವ ಒಂದು ಪ್ರೊಜೆಕ್ಟರು, ಒಂದು ಬಿಳಿ ಪರದೆ. ಚಿತ್ರದ ಮಾತು ಜಪಾನಿಯಲ್ಲಿ. ಕೆಳಗೆ ಇಂಗ್ಲಿಷ್ ಅಕ್ಷರ ಬರುತ್ತಿತ್ತು. ಹಳ್ಳಿಯಲ್ಲಿ ಅದನ್ನು ಓದುವವರು ಯಾರು? ಪರದೆಯ ಪಕ್ಕದಲ್ಲಿ ಮೈಕು ಹಿಡಿದು ನಿಂತು, ಎಲ್ಲವನ್ನೂ ಕನ್ನಡದಲ್ಲಿ ಹೇಳುತ್ತಾ ಹೋಗುವವರು ಬೇಕಾಗಿತ್ತು. ಲೆಕ್ಚರರು ನನ್ನನ್ನು ಕರೆದರು. ಒಮ್ಮೆ ಇಂಗ್ಲಿಷಿನಲ್ಲಿ ಫೇಲಾದವಳನ್ನು ಇಂಗ್ಲಿಷಿಗಾಗಿ ಕರೆದರು. ಆ ಸಂತೋಷಕ್ಕೆ ನಾನು ಆ ರಾತ್ರಿ ಊಟ ಬಿಟ್ಟಿದ್ದೆ.

ಚಿತ್ರದ ಕಥೆ ಇಷ್ಟು. ಹೊಳೆಯ ದಡದ ಊರಿನ ನೇಯ್ಗೆಯವರ ಮಗಳು. ಪಟ್ಟಣಕ್ಕೆ ನೂಲು ತರಲು ಹೋದ ದಿನ ಬಾಂಬು ಬೀಳುತ್ತದೆ. ಕೆನ್ನೆ ಸುಟ್ಟುಕೊಂಡು ಊರಿಗೆ ಮರಳುತ್ತಾಳೆ. ದೋಣಿ ನಡೆಸುವ ಹುಡುಗ ಅವಳನ್ನು ಇಷ್ಟಪಟ್ಟಿರುತ್ತಾನೆ. ಅವನ ಚಿಕ್ಕಮ್ಮ ಬಂದು ಬೇಡ ಅನ್ನುತ್ತಾಳೆ. ಹುಡುಗಿಗೆ ಕಾಯಿಲೆ ಬರುತ್ತದೆ. ಹಿಮ ಬೀಳುವ ಒಂದು ಬೆಳಿಗ್ಗೆ ತಲೆ ಬಾಚಿಕೊಂಡು, ಕಿಟಕಿಯ ಹತ್ತಿರ ಕೂತು, ಹಾಗೇ ಪ್ರಾಣ ಬಿಡುತ್ತಾಳೆ.

ಆ ಚಿಕ್ಕಮ್ಮನ ಮಾತು ನಾನು ಮೊದಲೇ ಕನ್ನಡದಲ್ಲಿ ಬರೆದುಕೊಂಡ ಹಾಳೆಯಲ್ಲಿ ಹೀಗಿತ್ತು: "ಬೆಂದ ಹೆಣ್ಣು ಮನೆಗೆ ಬೇಡ. ನೋಡಲು ಚೆನ್ನಾಗಿದ್ದರೂ ಒಳಗೆ ವಿಷ ಇರುತ್ತದೆ. ಹುಟ್ಟುವ ಕೂಸು ಏನಾಗಿ ಹುಟ್ಟುತ್ತದೋ." ಕನ್ನಡಕ್ಕೆ ಮಾಡುವಾಗ ಈ ಸಾಲಿನ ಹತ್ತಿರ ಕೈ ತಡೆಯಿತು. ಆದರೆ ಮುಂದೆ ಹುಡುಗಿ ಅಳುವುದಕ್ಕೆ ಅದೇ ಕಾರಣ, ಅದನ್ನು ಬಿಟ್ಟರೆ ಕಥೆ ಇಲ್ಲ. ಜನ ಆ ಚಿಕ್ಕಮ್ಮನನ್ನು ಬೈಯುತ್ತಾರೆ ಎಂದು ನನ್ನ ಲೆಕ್ಕ. ತಿಪಟೂರಿನಲ್ಲಿ, ಆಮೇಲೆ ಚಿಕ್ಕನಾಯಕನಹಳ್ಳಿಯ ಒಂದು ಶಾಲೆಯಲ್ಲಿ ತೋರಿಸಿದಾಗ ಬೈದರು ಕೂಡ. ಹುಳಿಯಾರಿನ ಕಡೆಯ ಮುದುಕಿಯೊಬ್ಬಳು ಪರದೆಗೇ ಕೈ ತೋರಿಸಿ, "ನಿನ್ ನಾಲಿಗೆ ಸೇದೋಗ" ಅಂದಿದ್ದಳು.

ಮೂರನೆಯ ಪ್ರದರ್ಶನ ನಮ್ಮೂರಿನಲ್ಲಿ. ಅದೇ ಭಾನುವಾರ ಅಕ್ಕನನ್ನು ನೋಡಲು ನೊಣವಿನಕೆರೆ ಕಡೆಯಿಂದ ಬರುತ್ತೇವೆಂದು ಹೇಳಿಕಳಿಸಿದ್ದರು.

ಹುಡುಗ ಕಾಯಿ ಸುಲಿಯುವವನು. ಸುಗ್ಗಿಯಲ್ಲಿ ತಂಡದ ಜೊತೆ ನಮ್ಮ ತೋಟಕ್ಕೆ ಬಂದಾಗ ಅಕ್ಕ ಅವರಿಗೆ ಊಟ ಬಡಿಸುತ್ತಿದ್ದಳು. ಬೇರೆಯವರು ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದರೆ ಇವನು ಅವಳ ಮುಖ ನೋಡಿಯೇ, "ಉಪ್ಪು ಕಮ್ಮಿ ಆಗದೆ ಕಣ್ರೀ" ಅಂದನಂತೆ. "ಬೆವ್ರು ಸುರಿಸ್ಕಂಡ್ ಉಣ್ಣು, ಸರಿಯಾಗ್ತದೆ" ಅಂದಳಂತೆ ಅಕ್ಕ. ಅದಾದ ಮೇಲೆ ತಂಡ ಬೇರೆ ತೋಟಕ್ಕೆ ಹೋದರೂ ಅವನು ಏನಾದರೂ ನೆಪ ಮಾಡಿ ಬರುತ್ತಿದ್ದ. ಕೊನೆಗೆ ಅಪ್ಪನ ಹತ್ತಿರ ತಾನೇ ಬಾಯಿಬಿಟ್ಟು ಕೇಳಿದ. ನಮ್ಮಪ್ಪ ನಂಬಲಿಲ್ಲ. "ತಮಾಸೆ ಮಾಡ್ತಿಯೇನಲಾ ಬಡವರ ಹತ್ರ?" ಅಂತ ಗದರಿದರು. "ತಮಾಸೆ ಮಾಡಕ್ಕೆ ಎರಡು ಬಸ್ ಹತ್ಕಂಡು ಬತ್ತಾರಾ ಯಜಮಾನ್ರೇ" ಅಂದ ಅವನು. ಅವನಿಗೆ ಅಪ್ಪ ಇರಲಿಲ್ಲ. ಒಬ್ಬಳೇ ಸಾಕಿದ ತಾಯಿ. ಅವಳು ಬಂದು ನೋಡಿ ಹೂಂ ಅನ್ನಬೇಕಾಗಿತ್ತು.

ಆಗ ಅಕ್ಕನಿಗೆ ಮೂವತ್ತರ ಹತ್ತಿರ. ನಮ್ಮಲ್ಲಿ ಆ ವಯಸ್ಸಿಗೆ ಹೆಣ್ಣಿನ ಮದುವೆಯ ಮಾತೇ ನಿಂತುಹೋಗಿರುತ್ತದೆ. ಇನ್ನೊಬ್ಬ ಕೇಳಿಕೊಂಡು ಬರುತ್ತಾನೆ ಅನ್ನುವ ಭ್ರಮೆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಅವನ ತಾಯಿ ಬೆಳಿಗ್ಗೆಯ ಬಸ್ಸಿಗೆ ಬಂದರು. ಜೊತೆಯಲ್ಲಿ ಅವರ ತಮ್ಮ. ಗಟ್ಟಿ ಹೆಂಗಸು, ಮಾತು ನೇರ. ಅಕ್ಕ ಕಾಫಿ ತಂದಾಗ ಲೋಟ ಕೆಳಗಿಡಿಸಿ, ಅವಳ ಬೆಂದ ಕೈ ಹಿಡಿದು ತಿರುಗಿಸಿ ನೋಡಿದರು.

"ನೋವೈತಾ ಈಗ?"

"ಇಲ್ಲ ಕಣಮ್ಮ. ಚಳಿಗಾಲ್ದಾಗೆ ಬಿಗಿತದೆ ಒಂದೊಂದು ಸಲ."

"ಬೆಳ್ಳು ಎಲ್ಲಾ ಮಡಿಸ್ತಿಯಾ?"

ಅಕ್ಕ ಬೆರಳು ಮಡಚಿ ತೋರಿಸಿದಳು. "ಮುದ್ದೆ ತೊಳಸ್ತೀನಿ. ನಿಮ್ ಮಗ ಉಂಡವ್ರೆ, ಕೇಳಿ."

ಆಯಮ್ಮ ನಕ್ಕರು. ನಮ್ಮವ್ವನ ಕಡೆಗೆ ತಿರುಗಿ, "ಮೊದ್ಲು ಹೆದರಿದ್ದೆ ಕಣಮ್ಮ, ಸುಳ್ಳ್ಯಾಕೆ ಹೇಳ್ಲಿ. ಬಾಯಿ ಚೆನ್ನಾಗದೆ ಹುಡುಗೀದು. ನಮ್ಮನೇಲಿ ಮಾತಾಡೋರೇ ಇಲ್ಲ" ಅಂದರು. ಊಟಕ್ಕೆ ಕೂತರು. ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಮನಸ್ಸಿಲ್ಲದಿದ್ದರೆ ಊಟಕ್ಕೆ ಕೂರುವುದಿಲ್ಲ, ಏನೋ ಹೇಳಿ ಎದ್ದುಹೋಗುತ್ತಾರೆ. ಅವ್ವ ಒಳಗೆ ಬಂದು ಒಲೆಯ ಮುಂದೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಊಟ ಆದಮೇಲೆ ಬಸ್ಸಿಗೆ ಇನ್ನೂ ಹೊತ್ತಿತ್ತು. ನಮ್ಮಪ್ಪನಿಗೆ ನನ್ನನ್ನು ತೋರಿಸುವ ಆಸೆ. "ನಮ್ ಚಿಕ್ಕೋಳು ಸಿನಿಮಾದಾಗೆ ಮೈಕಲ್ಲಿ ಹೇಳ್ತಾಳೆ ತಾಯಿ, ಇಂಗ್ಲೀಸ್ ಓದ್ಕಂಡು. ನೋಡ್ಕಂಡ್ ಹೋಗಿ" ಅಂದರು. ಹೀಗೆ ಆಯಮ್ಮ ಸಿನಿಮಾಕ್ಕೆ ಬಂದರು.

ಊರ ಗೌಡರ ಕಾಯಿ ತುಂಬುವ ದೊಡ್ಡ ಕೊಠಡಿ ಆಗ ಖಾಲಿಯಿತ್ತು. ಬೆಳಕು ಬರದಂತೆ ಕಿಟಕಿಗಳಿಗೆ ಗೋಣಿಚೀಲ ಕಟ್ಟಿದೆವು. ಊರಿಗೂರೇ ಬಂದು ಕೂತಿತು. ಮುಂದುಗಡೆ ಚಾಪೆಯ ಮೇಲೆ ನಮ್ಮವ್ವ, ಪಕ್ಕದಲ್ಲಿ ಆಯಮ್ಮ. ಅಕ್ಕ ಹಿಂದೆ ಬಾಗಿಲ ಹತ್ತಿರ ನಿಂತಿದ್ದಳು.

ಇಲ್ಲೊಂದು ವಿಷಯ ಹೇಳಬೇಕು. ನಮ್ಮೂರಿನವರು ತುರುವೇಕೆರೆಯ ಟಾಕೀಸಿಗೆ ಹೋಗಿ ಸಿನಿಮಾ ನೋಡುತ್ತಿದ್ದರು. ಅಲ್ಲಿ ಹಾಡು, ಹೊಡೆದಾಟ, ಟಿಕೀಟು. ಊರೊಳಗೇ ಬಂದು, ಪುಕ್ಕಟೆಯಾಗಿ, ಪರದೆ ಕಟ್ಟಿ ತೋರಿಸುವುದು ಬೇರೆ. ಅದನ್ನು ಅಲ್ಲಿಯತನಕ ಮಾಡಿದ್ದವರು ಇಲಾಖೆಯವರು ಮಾತ್ರ. ಆರೋಗ್ಯ ಇಲಾಖೆಯ ವ್ಯಾನು ಬಂದು ಮಕ್ಕಳಿಗೆ ಚುಚ್ಚುಮದ್ದು ಹಾಕಿಸಿ ಅನ್ನುತ್ತಿತ್ತು. ಕೃಷಿಯವರು ಬಂದು ತೆಂಗಿಗೆ ಹುಳ ಬಿದ್ದರೆ ಇಂಥ ಔಷಧಿ ಹೊಡೆಯಿರಿ ಅನ್ನುತ್ತಿದ್ದರು. ಅಲ್ಲೂ ಒಂದು ಸಂಸಾರದ ಕಥೆ ಇರುತ್ತಿತ್ತು, ಒಬ್ಬ ತಪ್ಪು ಮಾಡುತ್ತಿದ್ದ, ಅನುಭವಿಸುತ್ತಿದ್ದ, ಮೈಕಿನಲ್ಲಿ ಒಂದು ದನಿ ಏನು ಮಾಡಬೇಕೆಂದು ಹೇಳುತ್ತಿತ್ತು. ಆ ದನಿ ಹೇಳಿದ್ದನ್ನು ಪಾಲಿಸಿದರೆ ಒಳ್ಳೆಯದು ಅಂತ ನಮ್ಮ ಜನ ಕಲಿತಿದ್ದರು. ಎಷ್ಟೋ ಮಕ್ಕಳು ಹಾಗೆ ಉಳಿದಿದ್ದವು ಕೂಡ. ಇದು ನನಗೆ ಹೊಳೆಯಲಿಲ್ಲ, ಲೆಕ್ಚರರಿಗೂ ಹೊಳೆಯಲಿಲ್ಲ.

ಪ್ರೊಜೆಕ್ಟರು ಶುರುವಾಯಿತು. ಪಟ್ಟಣ, ಬೆಳಕು, ಆಮೇಲೆ ಬೂದಿ ಮೆತ್ತಿಕೊಂಡು ನಡೆದುಬರುವ ಜನ. ಹಿಂದಿನಿಂದ ಯಾರೋ, "ಅಮ್ಮಸಂದ್ರದ ಸಿಮೆಂಟ್ ಕೆಲ್ಸ ಮುಗಿಸ್ಕಂಡ್ ಬಂದಂಗವ್ರಲ್ಲ ಕಣ್ಲಾ" ಅಂದ. ಒಂದಷ್ಟು ಜನ ನಕ್ಕರು. ತಾಯಿಯೊಬ್ಬಳು ಸತ್ತ ಕೂಸಿನ ಬಾಯಿಗೆ ಹೊಳೆನೀರು ಹಾಕುವುದು ಬಂದಾಗ ಸದ್ದಡಗಿತು. ನಾನು ಹೇಳುತ್ತಾ ಹೋದೆ. ದೋಣಿಯವನಿಗೂ ನನ್ನದೇ ದನಿ, ಹುಡುಗಿಗೂ ನನ್ನದೇ, ಚಿಕ್ಕಮ್ಮನಿಗೂ ನನ್ನದೇ. ನಾಟಕದವರ ಹಾಗೆ ದನಿ ಬದಲಿಸಲು ನನಗೆ ಬರುತ್ತಿರಲಿಲ್ಲ. ಸ್ಪಷ್ಟವಾಗಿ, ಎಲ್ಲರಿಗೂ ಕೇಳುವಂತೆ, ಪಾಠ ಓದಿದ ಹಾಗೆ ಓದುತ್ತಿದ್ದೆ. ಬೆಂದ ಹೆಣ್ಣು ಮನೆಗೆ ಬೇಡ ಅನ್ನುವ ಸಾಲನ್ನೂ ಹಾಗೇ ಓದಿದೆ. ಯಾರೂ ಚಿಕ್ಕಮ್ಮನನ್ನು ಬೈಯಲಿಲ್ಲ. ತುಂಬಾ ಗಮನವಿಟ್ಟು ಕೇಳುತ್ತಿದ್ದಾರೆ ಅಂತ ನಾನು ಅಂದುಕೊಂಡೆ.

ಹುಡುಗಿ ಸತ್ತಳು, ಗೋಣಿಚೀಲ ಬಿಚ್ಚಿದೆವು. ಗೌಡರ ಮನೆಯ ಹಿರಿಯರೊಬ್ಬರು ಎದ್ದು ನಿಂತು ನನ್ನನ್ನು ಕೇಳಿದರು: "ಅಲ್ಲಾ ಕಣವ್ವ, ಇದ್ಕೆ ಔಷ್ದಿ ಎಲ್ಲಿ ಕೊಡ್ತಾರೆ ಅಂತ ಹೇಳ್ಲೇ ಇಲ್ವಲ್ಲ. ತುರುವೇಕೆರೆ ಆಸ್ಪತ್ರೇಲೇ ಸಿಗ್ತದಾ, ತಿಪ್ಟೂರಿಗೇ ಹೋಗ್ಬೇಕಾ?"

ಲೆಕ್ಚರರು ನಕ್ಕರು. ನನಗೂ ನಗು ಬಂತು. ಅಣುಬಾಂಬಿಗೆ ಔಷಧಿ ಇಲ್ಲ ತಾತ, ಅದು ಬೀಳದ ಹಾಗೆ ನೋಡಿಕೊಳ್ಳುವುದೇ ಔಷಧಿ ಅಂತ ಲೆಕ್ಚರರು ಅರ್ಧ ಗಂಟೆ ಭಾಷಣ ಮಾಡಿದರು. ಅದು ಮುಗಿಯುವ ಮೊದಲೇ ಆಯಮ್ಮ ಎದ್ದಿದ್ದರು. ಅವ್ವ, "ಒಂದ್ ಲೋಟ ಕಾಫಿ ಕುಡ್ಕಂಡು" ಅಂದರೆ, "ಬಸ್ಸಿಗೆ ಹೊತ್ತಾಯ್ತು ಕಣಮ್ಮ" ಅಂದರು. ಬಾಗಿಲಲ್ಲಿ ಅಕ್ಕ ನಿಂತಿದ್ದಳಲ್ಲ, ಅವಳ ಪಕ್ಕದಿಂದಲೇ ಹೋದರು. ಕೈ ಮುಟ್ಟಲಿಲ್ಲ, ಮೈ ಸೋಕದಂತೆ ಸೆರಗು ಎಳೆದುಕೊಂಡರು.

ಆ ವಾರದಲ್ಲಿ ಅವರ ತಮ್ಮ ಒಬ್ಬನೇ ಬಂದ. ಜಗಲಿಯ ಮೇಲೂ ಕೂರಲಿಲ್ಲ.

"ನಮ್ಮಕ್ಕ ಬ್ಯಾಡ ಅಂತವ್ಳೆ ಯಜಮಾನ್ರೇ. ತಪ್ಪು ತಿಳ್ಕಬ್ಯಾಡಿ."

"ಉಂಡು ಹೋದ್ರಲ್ಲಪ್ಪ" ಅಂದರು ನಮ್ಮಪ್ಪ. ಅಷ್ಟೇ ಅಂದರು.

"ಉಂಡಿದ್ದು ನಿಜ. ಆಮ್ಯಾಲೆ ಸಿನಿಮಾದಾಗೆ ಹೇಳುದ್ರಲ್ಲ, ಬೆಂದೋರಿಗೆ ಒಳಗೆ ವಿಸ ಇರ್ತದೆ, ಮಕ್ಕಳು ನೆಟ್ಟಗೆ ಹುಟ್ಟಲ್ಲ ಅಂತ. ಸರ್ಕಾರದೋರು ಅಷ್ಟು ದುಡ್ಡು ಸುರುದು ಸುಮ್ ಸುಮ್ಕೆ ತೋರಿಸ್ತಾರಾ? ಬ್ಯಾರೆ ಯಾರೋ ಹೇಳಿದ್ರೆ ನಾವೂ ನಂಬ್ತಿರ್ಲಿಲ್ಲ. ನಿಮ್ ಮಗಳೇ ಮೈಕಲ್ಲಿ ಹೇಳುದ್ಲು. ಸ್ವಂತ ಅಕ್ಕನ್ ವಿಚಾರ ಮುಚ್ಚಿಡ್ದೆ ಹೇಳುದ್ಲಲ್ಲ, ದೊಡ್ಡ ಮನಸು ಅಂತ ನಮ್ಮಕ್ಕ ಹೊಗಳುದ್ಲು."

ನಾನು ಒಳಗೆ ನಿಂತು ಕೇಳುತ್ತಿದ್ದೆ. ಅಕ್ಕ ಹಿತ್ತಿಲಲ್ಲಿ ಗರಿ ಸೀಳುತ್ತಿದ್ದಳು. ಅವಳಿಗೂ ಕೇಳಿಸಿತು. ಕತ್ತಿಯ ಸದ್ದು ನಿಂತು, ಮತ್ತೆ ಶುರುವಾಯಿತು.

ಮಾರನೆಯ ದಿನವೇ ನಾನು ನೊಣವಿನಕೆರೆ ಬಸ್ಸು ಹತ್ತಿದೆ. ಓದಿದವಳು, ಬಿಡಿಸಿ ಹೇಳಿದರೆ ತಿಳಿಯುತ್ತದೆ ಅನ್ನುವ ಧೈರ್ಯ. ಆಯಮ್ಮ ಮರ್ಯಾದೆಯಿಂದ ಕೂರಿಸಿ ಮಜ್ಜಿಗೆ ಕೊಟ್ಟರು. ಅದು ಸರ್ಕಾರದ ಸಿನಿಮಾ ಅಲ್ಲ, ಯಾರೋ ಕಟ್ಟಿದ ಕಥೆ ಎಂದೆ.

"ಕಥೆಯಾ? ಬಾಂಬ್ ಬಿದ್ದಿದ್ದು ಸುಳ್ಳಾ ಅಂಗಾರೆ?"

"ಅದು ನಿಜ. ಆ ಹುಡುಗಿ ಮಾತ್ರ ಕಥೆ."

"ಅಂಥ ಹೆಣ್ಣುಮಕ್ಕಳು ಇರ್ಲಿಲ್ವಾ ಅಲ್ಲಿ?"

"ಇದ್ರು."

"ಮತ್ತೆ?"

ನಾನು ಅಣುವಿನ ಬೆಂಕಿ ಬೇರೆ, ಸಿಪ್ಪೆಯ ಬೆಂಕಿ ಬೇರೆ ಎಂದು ಶುರು ಮಾಡಿದೆ. ಅಲ್ಲಿ ಕಣ್ಣಿಗೆ ಕಾಣದ ಕಿರಣ ಮೈಯೊಳಗೆ ಹೋಗುತ್ತದೆ, ಇಲ್ಲಿ ಚರ್ಮ ಮಾತ್ರ ಸುಡುತ್ತದೆ. ಕಾಣದ್ದು ಒಳಗೆ ಹೋಗುತ್ತದೆ ಅಂದ ಕೂಡಲೇ ಆಯಮ್ಮನ ಮುಖ ಇನ್ನಷ್ಟು ಬಿಗಿಯಿತು. "ಬೆಂಕೀಲಿ ಬ್ಯಾರೆ ಬ್ಯಾರೆ ಜಾತಿ ಐತೇನವ್ವ? ಸುಡೋದೇ ಅಲ್ವಾ ಎಲ್ಲಾದೂ" ಅಂದರು. ನನಗೆ ಸಿಟ್ಟು ಬಂತು. "ಆ ಹುಡುಗೀಗೆ ಇದ್ದಿದ್ದು ಬೇರೆ ಕಣಮ್ಮ. ಅಂಥೋರನ್ನ ಬೇಕಾದ್ರೆ ಬೇಡ ಅನ್ನಿ. ನಮ್ಮಕ್ಕ ಅಂಥವಳಲ್ಲ" ಅಂದೆ.

ಅಂದಮೇಲೆ ಹೊಳೆಯಿತು. ಪರದೆಯ ಮೇಲಿನ ಚಿಕ್ಕಮ್ಮ ಹೇಳಿದ್ದೂ ಅದನ್ನೇ. ನನ್ನ ಅಕ್ಕನನ್ನು ಈಚೆಗೆ ಎಳೆದುಕೊಳ್ಳಲು ಆ ನೇಯ್ಗೆಯವರ ಹುಡುಗಿಯನ್ನು ನಾನೂ ಆಚೆಗೆ ತಳ್ಳಿದ್ದೆ.

ಆಯಮ್ಮ ಕೆಟ್ಟವರಾಗಿರಲಿಲ್ಲ. "ನನ್ಗೂ ಬೇಜಾರೇ ಕಣವ್ವ. ಒಬ್ನೇ ಮಗ. ಅವನ ಕೂಸು ನೆಟ್ಟಗಿರ್ಲಿ ಅಂತ ಕೇಳೋದು ತಪ್ಪಾ ಹೇಳು?" ಅಂದರು. ಮಜ್ಜಿಗೆಯ ಲೋಟ ಕೆಳಗಿಟ್ಟು ಎದ್ದೆ. ಮಗ ಬಸ್‌ಸ್ಟಾಂಡಿನತನಕ ಬಂದ. ಬಸ್ಸು ಬಂದಾಗ, "ನಮ್ಮವ್ವನ ಮಾತು ಮೀರಕ್ಕಾಗಲ್ಲ ಮೇಡಂ" ಅಂದ. ಅಕ್ಕನನ್ನು ಹೆಸರು ಹಿಡಿದು ಕೇಳುತ್ತಿದ್ದವನು ನನ್ನನ್ನು ಮೇಡಂ ಅಂದ.

ಮನೆಗೆ ಬಂದರೆ ಅಕ್ಕ ಏನಾಯ್ತು ಅಂತ ಕೇಳಲಿಲ್ಲ. ಕೈಕಾಲು ತೊಳೆದು ಬಂದು ಪಕ್ಕದಲ್ಲಿ ಕೂತೆ. ಪೊರಕೆ ಕಟ್ಟುತ್ತಲೇ ಅವಳು ಕೇಳಿದಳು:

"ಅಲ್ಲ ಕಣೆ, ಆ ಹುಡುಗೀನ ಯಾಕೆ ಸಾಯಿಸುದ್ರು?"

"ಕಾಯಿಲೆ ಬಂತಲ್ಲ."

"ಬಾಂಬಲ್ಲಿ ಬೆಂದೋರೆಲ್ಲಾ ಸತ್ತೋದ್ರಾ?"

"ಇಲ್ಲ. ಎಷ್ಟೋ ಜನ ಬದುಕವ್ರೆ."

"ಮತ್ತೆ ಇವಳ್ನ ಯಾಕೆ ಸಾಯಿಸುದ್ರು ಅಂತ."

"ನೋಡೋರಿಗೆ ಅಯ್ಯೋ ಅನ್ನಿಸ್ಲಿ ಅಂತ."

ಅಕ್ಕ ಒಂದು ಪೊರಕೆಗೆ ಗಂಟು ಹಾಕಿ ಪಕ್ಕಕ್ಕಿಟ್ಟಳು. "ಸಾಯೋಕೆ ಮುಂಚೆ ತಲೆ ಬಾಚ್ಕಂಡ್ಲು ನೋಡು, ಒಂದ್ ಸಿಕ್ಕೂ ಇಲ್ದಂಗೆ" ಅಂದಳು. "ನಾನ್ ಬೆಂದಾಗ ಮೂರು ತಿಂಗಳು ಬಾಳೆಲೆ ಮ್ಯಾಲೆ ಮಲಗಿದ್ದೆ. ನಮ್ಮವ್ವ ತಲೆ ಬೋಳಿಸ್ಬುಟ್ಟಿದ್ಲು. ಅದನ್ನೂ ತೋರಿಸ್ಬೇಕಿತ್ತು ಅವರು. ಆಮ್ಯಾಲೆ ಎದ್ದು ಹಾಲು ಕರೆಯೋದನ್ನೂ ತೋರಿಸ್ಬೇಕಿತ್ತು." ನನ್ನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಎರಡು ವರ್ಷದ ಮೇಲೆ ನನ್ನ ಮದುವೆಯಾಯಿತು. ದೊಡ್ಡವಳನ್ನು ಮನೆಯಲ್ಲಿಟ್ಟುಕೊಂಡು ಚಿಕ್ಕವಳಿಗೆ ಮಾಡುವುದಿಲ್ಲ ಅಂತ ಅಪ್ಪ ಹಟ ಹಿಡಿದಿದ್ದರು. ಅಕ್ಕನೇ ಅವರನ್ನು ಬೈದು, ಮುಂದೆ ನಿಂತು ಮಾಡಿಸಿದಳು. ಧಾರೆಯ ಹೊತ್ತಿಗೆ ಮಾತ್ರ ಅಡುಗೆಮನೆಯಲ್ಲಿ ಕೆಲಸ ಇದೆ ಅಂದಳು.

ನಾನು ತಿಪಟೂರಿನಲ್ಲಿ ಸಂಸಾರ ಹೂಡಿ, ಹೈಸ್ಕೂಲಿನಲ್ಲಿ ಕೆಲಸಕ್ಕೆ ಸೇರಿದ ಮೇಲೂ ಆ ಸಿನಿಮಾ ನನ್ನನ್ನು ಬಿಡಲಿಲ್ಲ. ಎಲ್ಲಾದರೂ ಒಂದು ಕಡೆ, ಯಾರಾದರೂ ಒಬ್ಬರು, ಬೆಂದು ಬದುಕಿದ ಹೆಣ್ಣನ್ನು ಬದುಕಿದ ಹಾಗೇ ತೋರಿಸಿರಬೇಕಲ್ಲ? ತರಬೇತಿಗೆಂದು ಬೆಂಗಳೂರಿಗೆ ಹೋದಾಗಲೆಲ್ಲ ಅಂಥ ಚಿತ್ರ ತೋರಿಸುವ ಕಡೆ ಹೋಗಿ ಕೂತೆ. ತಿಪಟೂರಿನಲ್ಲಿ ಸೀಡಿ ಬಾಡಿಗೆಗೆ ಕೊಡುವವನಿಗೆ ಹೇಳಿಟ್ಟೆ. ಅವನು ನನ್ನನ್ನು ಬಾಂಬ್ ಮೇಡಂ ಅನ್ನುತ್ತಿದ್ದ.

ಬಾಂಬು ಹಾಕಿದ ದೇಶದವರ ಸಿನಿಮಾಗಳನ್ನು ನೋಡಿದೆ. ಅವುಗಳಲ್ಲಿ ಟೋಪಿ ಹಾಕಿದ ಗಂಡಸರು ಕರಿಹಲಗೆಯ ಮುಂದೆ ಲೆಕ್ಕ ಮಾಡುತ್ತಾರೆ, ಸಿಗರೇಟು ಸೇದುತ್ತಾರೆ, ತಪ್ಪು ಮಾಡಿದೆವೇನೋ ಅಂತ ಹೆಂಡತಿಯ ಹತ್ತಿರ ಕೊರಗುತ್ತಾರೆ. ಮೋಡ ಮೇಲೇಳುತ್ತದೆ, ನಿಧಾನವಾಗಿ, ಸಂಗೀತದ ಜೊತೆ. ನೋಡಲು ಚೆನ್ನಾಗಿಯೇ ಇರುತ್ತದೆ. ಕೆಳಗಿದ್ದವರು ಕಾಣುವುದಿಲ್ಲ. ಜಪಾನಿನವರ ಚಿತ್ರಗಳಲ್ಲಿ ಕೆಳಗಿದ್ದವರು ಕಾಣುತ್ತಾರೆ, ಆದರೆ ಹೆಚ್ಚಿನವು ಆ ಒಂದು ದಿನದಲ್ಲೇ ನಿಂತುಬಿಡುತ್ತವೆ, ಇಲ್ಲವೇ ಹುಡುಗಿಯನ್ನು ಮದುವೆಗೆ ಮುಂಚಿನ ವಯಸ್ಸಿನಲ್ಲಿ, ಮುಖ ಕೆಡದ ಹಾಗೆ, ಹೂವಿನ ಮರದ ಕೆಳಗೋ ಹಿಮದಲ್ಲೋ ಸಾಯಿಸುತ್ತವೆ. ರಾಕ್ಷಸ ಪ್ರಾಣಿ ಸಮುದ್ರದಿಂದ ಎದ್ದು ಬರುವಂಥವೂ ಇದ್ದವು. ಅದಕ್ಕೂ ಬಾಂಬೇ ಕಾರಣವಂತೆ. ನನ್ನ ಮಗಳು ಅದನ್ನು ಖುಷಿಯಿಂದ ನೋಡಿದಳು. ನಮ್ಮ ಸಿನಿಮಾಗಳನ್ನಂತೂ ಕೇಳಲೇಬೇಡಿ. ಅಲ್ಲಿ ಸುಟ್ಟ ಮುಖ ಅಂದರೆ ಕೇಡಿಯ ಮುಖ. ನಾಯಕಿಗೇನಾದರೂ ಹಾಗಾದರೆ ಇಂಟರ್ವಲ್ ಒಳಗೆ ಆಪರೇಷನ್ ಮಾಡಿ ಸರಿಮಾಡುತ್ತಾರೆ.

ನಾನು ಹೇಳಿದ್ದೆನಲ್ಲ, ಅಂಥವರನ್ನು ಬೇಕಾದರೆ ಬೇಡ ಅನ್ನಿ ಅಂತ. ಅದರ ಬಗ್ಗೆಯೂ ಓದಿದೆ. ಬಾಂಬಿನಲ್ಲಿ ಬದುಕಿದವರ ಮಕ್ಕಳನ್ನು ಎಷ್ಟೋ ವರ್ಷ ಪರೀಕ್ಷಿಸಿದರಂತೆ. ಜನ ಹೆದರಿದಂಥದ್ದು ಆ ಮಕ್ಕಳಲ್ಲಿ ಕಂಡುಬರಲಿಲ್ಲವಂತೆ. ಆದರೂ ಹೆದರಿಕೆಗೆ ಎಷ್ಟೋ ಸಂಬಂಧ ಮುರಿದುಹೋದವಂತೆ. ಸಿನಿಮಾದ ಚಿಕ್ಕಮ್ಮ ಹೇಳಿದ್ದು ಆ ಹುಡುಗಿಯ ವಿಷಯದಲ್ಲೂ ನಿಜವಾಗಿರಲಿಲ್ಲ. ಆದರೆ ಅದು ಸುಳ್ಳು ಅಂತ ಆ ಚಿತ್ರದಲ್ಲಿ ಯಾರೂ ಹೇಳುವುದಿಲ್ಲ. ಹುಡುಗಿ ಸತ್ತು ಅದನ್ನು ನಿಜ ಮಾಡಿಬಿಡುತ್ತಾಳೆ.

ಕೊನೆಗೆ ನನಗೆ ಬೇಕಾದ್ದು ಸಿಕ್ಕಿತು. ಬೆಂಗಳೂರಿನ ಒಬ್ಬ ಉಪಾಧ್ಯಾಯ ಗೆಳತಿ ಡಿವಿಡಿ ಮಾಡಿ ಕೊಟ್ಟಳು. ಕಥೆಯಲ್ಲ, ಬದುಕಿರುವವರನ್ನು ಮಾತಾಡಿಸಿ ತೆಗೆದದ್ದು. ಅದರಲ್ಲೊಬ್ಬ ಮುದುಕಿ. ಮುಖ, ಕತ್ತು, ಕೈ ನಮ್ಮಕ್ಕನ ಹಾಗೇ. ಕ್ಯಾಮೆರಾ ನೇರವಾಗಿ ಎದುರಿಗೆ ಕೂತಿದೆ. ಮುದುಕಿ ಮೂಲಂಗಿ ಹೆಚ್ಚುತ್ತಾ ಮಾತಾಡುತ್ತಾಳೆ, ನಡುವೆ ಒಳಗೆ ಬಂದ ಮೊಮ್ಮಗನನ್ನು ಚಪ್ಪಲಿ ಬಿಡದೆ ಬಂದೆ ಅಂತ ಬೈಯುತ್ತಾಳೆ.

ಅಕ್ಕ ತಿಂಗಳಿಗೊಮ್ಮೆ ತಿಪಟೂರಿಗೆ ಬರುತ್ತಿದ್ದಳು, ಅಂಗಡಿಗೆ ಪೊರಕೆ ಹಾಕಲು. ಒಂದು ಮಧ್ಯಾಹ್ನ ಊಟ ಆದಮೇಲೆ ಕೂರಿಸಿಕೊಂಡು ಅದನ್ನು ಹಾಕಿದೆ. ತೋರಿಸಬೇಕೋ ಬೇಡವೋ ಅಂತ ಬಹಳ ಯೋಚಿಸಿದ್ದೆ. ಅಷ್ಟು ಹೊತ್ತಿಗೆ ಅವಳ ಕೂದಲು ನರೆತಿತ್ತು. ಮುದುಕಿಯ ಮುಖ ಬಂದ ಕೂಡಲೇ ಅಕ್ಕ ಗೋಡೆ ಬಿಟ್ಟು ಮುಂದಕ್ಕೆ ಬಂದು ಕೂತಳು. ಕೆಳಗಿನ ಇಂಗ್ಲಿಷನ್ನು ನಾನು ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಿದ್ದೆ.

"ಏನಂತವ್ಳೆ?"

"ಮದುವೆಗೆ ಮುಂಚೆ ಗಂಡನ ಮನೆಯೋರಿಗೆ ಎಲ್ಲಾ ಹೇಳಿದ್ಲಂತೆ. ಅವರು ಒಪ್ಪಲಿಲ್ಲವಂತೆ. ಹುಡುಗ ಒಪ್ಪಿದ್ನಂತೆ."

ಮುದುಕಿ ಇನ್ನೊಂದು ಮೂಲಂಗಿ ತೆಗೆದುಕೊಂಡಳು.

"ಈಗ?"

"ಪ್ರತಿ ಸಲ ಬಸುರಾದಾಗ್ಲೂ ಹೆದರಿಕೊಂಡಿದ್ಲಂತೆ. ಹುಟ್ಟಿದ ತಕ್ಷಣ ಕೂಸಿನ ಕೈಬೆರಳು, ಕಾಲ್ಬೆರಳು ಎಣಿಸ್ತಿದ್ಲಂತೆ."

"ಚೆನ್ನಾಗಿದ್ವಂತಾ?"

"ಚೆನ್ನಾಗಿದ್ವಂತೆ. ಮೂರು ಮಕ್ಕಳು."

ಚಿತ್ರ ಮುಗಿಯಿತು. "ನೊಣವಿನಕೆರೆಗೆ ತಗಂಡೋಗಿ ಆಯಮ್ಮಂಗೆ ತೋರಿಸ್ಲಾ ಅಂತ ಒಂದು ಮನಸು" ಅಂದೆ. ಅದರಿಂದ ಈಗೇನು ಆಗಬೇಕಾಗಿತ್ತೋ ನನಗೂ ಗೊತ್ತಿರಲಿಲ್ಲ.

"ಆಯಮ್ಮ ಹೋಗಿ ಎರಡು ವರ್ಸ ಆಯ್ತಲ್ಲೇ" ಅಂದಳು ಅಕ್ಕ.

"ನಿಂಗ್ಯಾರು ಹೇಳುದ್ರು?"

"ಅವನೇ. ಪಕ್ಕದ ತೋಟಕ್ಕೆ ಸುಲಿಯಕ್ಕೆ ಬಂದಿದ್ದ. ಹೆಂಡ್ತಿ ಕೆಂಕೆರೆ ಕಡೆಯೋಳಂತೆ. ಮಗಳು ಮೂರ್ನೇ ಕ್ಲಾಸು. ಚೂಟಿಯಂತೆ, ಎಲ್ಲಾದಕ್ಕೂ ಎದುರು ಮಾತಾಡ್ತದಂತೆ." ಅವಳು ಬೆಂದ ಕೈಯಿಂದ ಮೊಣಕಾಲು ಸವರಿಕೊಂಡಳು. "ಬುಡು. ಯಾರಿಗ್ ತೋರಿಸ್ತಿಯಾ ಈಗ."

ನಾನು ಡಿವಿಡಿ ತೆಗೆಯಲು ಎದ್ದೆ. ಅವಳು ನನ್ನ ಸೆರಗು ಹಿಡಿದಳು.

"ಆ ಹುಡುಗನ್ನ ಬೈತಾಳಲ್ಲ, ಅದನ್ನ ಇನ್ನೊಂದ್ ಸಲ ಹಾಕು."

ಹಿಂದಕ್ಕೆ ಓಡಿಸಿ ಹಾಕಿದೆ. ಮೊಮ್ಮಗ ಚಪ್ಪಲಿ ಹಾಕಿಕೊಂಡು ಒಳಗೆ ಬಂದ, ಮುದುಕಿ ಚಾಕು ಹಿಡಿದ ಕೈಯನ್ನೇ ಅಲ್ಲಾಡಿಸಿ ಬೈಯತೊಡಗಿದಳು. ನಾನು ಕೆಳಗಿನ ಸಾಲನ್ನು ಓದಿ ಹೇಳಲು ಬಾಯಿ ತೆರೆದೆ.

"ನೀನು ಹೇಳ್ಬ್ಯಾಡ, ಸುಮ್ಕಿರು" ಅಂದಳು ಅಕ್ಕ, ಟೀವಿಯಿಂದ ಕಣ್ಣು ತೆಗೆಯದೆ.